ನಾನು ಹೇಳದೆ ಬಿಟ್ಟ ವಾರ

ನಾನು ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಇಷ್ಟು ವರ್ಷ ನಾನು ಅಡಗಿ ಕುಳಿತದ್ದು ಈ ಮಾತಿನ ಹಿಂದೆಯೇ. ವಿಚಾರಣೆಗೆ ಬಂದ ಸಾಹೇಬರು ನನ್ನನ್ನು ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ನಿಜವನ್ನೇ ಹೇಳಿದೆ. ಆ ಮೂರು ನಿಜಗಳಿಂದ ಹುಲಿಗೆಪ್ಪನೆಂಬ ಹುಡುಗನ ಆಟವನ್ನು, ಅವನ ಕೈಗೆ ಬರಲಿದ್ದ ಕೆಲಸವನ್ನು, ಅವನ ಹೆಸರನ್ನು ಮುಗಿಸಿದೆ. ತಿಳಿದೇ ಮುಗಿಸಿದೆ.

ಓದಿದವರು ನನ್ನನ್ನು ಕ್ಷಮಿಸಬೇಕೆಂದು ಬರೆಯುತ್ತಿಲ್ಲ. ಕ್ಷಮಿಸುವ ಅಧಿಕಾರ ನಿಮಗಿಲ್ಲ. 'ಹುಡುಗತನ, ಆಗಿಹೋಗುತ್ತದೆ' ಎನ್ನುವವರು ಇಲ್ಲಿಗೇ ಮಡಚಿಡಬಹುದು. ನನಗಾಗ ಹತ್ತೊಂಬತ್ತು ತುಂಬಿತ್ತು. ವಕೀಲರ ಮಗ. ಮಾತಿನ ಯಾವ ತುದಿ ಕೊಯ್ಯುತ್ತದೆ, ಯಾವುದು ಕೊಯ್ಯುವುದಿಲ್ಲ ಎಂಬುದನ್ನು ಮನೆಯಲ್ಲೇ ಕಲಿತಿದ್ದೆ.

ಅವು ನಿಜಾಮರ ಸರ್ಕಾರದ ಕೊನೆಯ ವರ್ಷಗಳು. ರಾಯಚೂರಿನ ನಮ್ಮ ಹೈಸ್ಕೂಲಿನ ಹಿಂದೆ ಒಂದು ಗರಸು ಮಣ್ಣಿನ ಮೈದಾನ. ಎರಡು ಕಂಬ, ಎರಡು ಹಲಗೆ, ಜಾಲಿಯಿಲ್ಲದ ಎರಡು ರಿಂಗು. ಚೆಂಡಿಗೆ ಚರ್ಮದ ಬಾಯಿ ಇರುತ್ತಿತ್ತು, ಅದನ್ನು ಬೂಟಿನಂತೆ ದಾರ ಹಾಕಿ ಬಿಗಿಯಬೇಕು. ಬ್ಯಾಸ್ಕೆಟ್‌ಬಾಲ್ ನಮಗೆ ಕಲಿಸಿದವರು ಡ್ರಿಲ್ ಮಾಸ್ತರರಾದ ಖಾದರ್ ಸಾಹೇಬರು. ಐದು ಜನರ ಆಟ. ಮುಂದೆ ಇಬ್ಬರು ಫಾರ್ವರ್ಡ್, ನಡುವೆ ಸೆಂಟರ್, ಹಿಂದೆ ಇಬ್ಬರು ಗಾರ್ಡ್. ನಮ್ಮ ಮೈದಾನದ ಪದ್ಧತಿಯಲ್ಲಿ ಗಾರ್ಡ್ ಆದವನು ನಡುಗೆರೆ ದಾಟುತ್ತಿರಲಿಲ್ಲ. ನಿಯಮದ ಪುಸ್ತಕದಲ್ಲಿ ಹಾಗೇನೂ ಇರಲಿಲ್ಲ, ಆದರೂ ದಾಟುತ್ತಿರಲಿಲ್ಲ. ಚೆಂಡು ತಡೆಯುವುದು, ಮುಂದಕ್ಕೆ ಕೊಡುವುದು ಅವನ ಪಾಲು. ಬುಟ್ಟಿಗೆ ಹಾಕುವುದು ನಮ್ಮ ಪಾಲು. ನಮ್ಮ ಎಂದೆನಲ್ಲ— ನನ್ನ ಪಾಲು. ನಾನು ಬಲಗಡೆಯ ಫಾರ್ವರ್ಡ್, ತಂಡದ ಕ್ಯಾಪ್ಟನ್. ಸೆಂಟರ್‌ನಲ್ಲಿ ಆಡುತ್ತಿದ್ದವನು ಮಾನ್ವಿಯ ಮಲ್ಲೇಶಿ. ಆರಡಿ ಎತ್ತರ, ಮೆತ್ತಗಿನ ಮನಸ್ಸು, ಸಿಟ್ಟು ಬಂದರೆ ಮಾತ್ರ ಕೈ ಮುಂದೆ.

ಹುಲಿಗೆಪ್ಪ ಬಂದದ್ದು ದೇವದುರ್ಗದ ಕಡೆಯಿಂದ. ಅವನ ಅಪ್ಪ ತಿಮ್ಮಪ್ಪ ಮಣ್ಣಿನ ಗೋಡೆ ಕಟ್ಟುವವನು. ಪುಕ್ಕಟೆ ಹಾಸ್ಟೆಲಿನಲ್ಲಿದ್ದುಕೊಂಡು, ನಮಗಿಂತ ಎರಡು ಕ್ಲಾಸು ಕೆಳಗೆ ಓದುತ್ತಿದ್ದ. ವಯಸ್ಸು ಹದಿನೇಳಿರಬಹುದು. ಹೆಗಲು ಅಗಲ, ಕಾಲು ಗಿಡ್ಡ. ಮಾಸ್ತರರು ಅವನ ತೋಳು ನೋಡಿ ಹಿಂದೆ ಗಾರ್ಡ್ ಮಾಡಿ ನಿಲ್ಲಿಸಿದರು. ಅವನ ಊಟದ ತಟ್ಟೆಯ ಹತ್ತಿರ ಕೂರಲು ನಮ್ಮಲ್ಲಿ ಯಾರೂ ಮುಂದೆ ಬರಲಿಲ್ಲ, ಮಲ್ಲೇಶಿಯೊಬ್ಬ ಕೂತ. ಮಲ್ಲೇಶಿ ಅದನ್ನು ದೊಡ್ಡ ವಿಷಯವಾಗಿ ಮಾಡಲೂ ಇಲ್ಲ. ತಟ್ಟೆ ಸರಿಸಿಕೊಂಡು ಕೂತ, ಅದರಲ್ಲೇ ಕೈಹಾಕಿ ಉಂಡ, ಅಷ್ಟೆ.

ಮೊದಲ ಪಂದ್ಯ ಊರಿನ ಹತ್ತಿ ಮಿಲ್ಲಿನವರ ಮೇಲೆ. ಅವರೆಲ್ಲ ದೊಡ್ಡವರು, ನಮ್ಮನ್ನು ತಳ್ಳಿ ತಳ್ಳಿ ಸುಸ್ತು ಮಾಡಿದರು. ದ್ವಿತೀಯಾರ್ಧದಲ್ಲಿ ಹುಲಿಗೆಪ್ಪನ ಕೈಗೆ ಚೆಂಡು ಬಂತು. ಮುಂದೆ ಇದ್ದವರೆಲ್ಲ ಎದುರಾಳಿಗಳ ನಡುವೆ ಮುಚ್ಚಿಹೋಗಿದ್ದೆವು. ಅವನು ಎರಡು ಹೆಜ್ಜೆ ಬಂದ. ನಡುಗೆರೆ ದಾಟಿದ. ನಾನು ಕೂಗಿದೆ—

"ಏ, ಎಲ್ಲಿಗ್ ಬರಾಕತ್ತೀಯಲೇ? ಹಿಂದಕ್ಕ ನಡಿ!"

ಅವನು ನಿಂತ. ಎರಡೂ ಕೈಯಲ್ಲಿ ಚೆಂಡನ್ನು ಮೊಣಕಾಲಿನ ಹತ್ತಿರ ಇಳಿಸಿದ. ಅಲ್ಲಿಂದ ಎತ್ತಿ ಒಗೆದ. ಅಷ್ಟು ದೂರದಿಂದ ಒಗೆದರೆ ಚೆಂಡು ಹಲಗೆಗೆ ಬಡಿದು ಮಿಲ್ಲಿನವರ ಕಡೆ ಹಾರುತ್ತದೆಂದು ನಾನು ಆಗಲೇ ಬೈಯಲು ಬಾಯಿ ತೆರೆದಿದ್ದೆ. ಚೆಂಡು ಬಹಳ ಮೇಲೆ ಹೋಯಿತು. ಮೇಲೆ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ರಿಂಗನ್ನೂ ಹಲಗೆಯನ್ನೂ ಮುಟ್ಟದೆ ಕೆಳಗಿಳಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಾರ್ಡ್ ಹಾಕಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಮಿಲ್ಲಿನವರು ಜಗಳ ತೆಗೆದರು. ಖಾದರ್ ಮಾಸ್ತರರು ಸೀಟಿ ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದರು. ಪಂದ್ಯ ಮುಗಿಯುವುದರೊಳಗೆ ಅವನು ಹಾಗೆಯೇ ಇನ್ನೂ ಮೂರು ಸಲ ಹಾಕಿದ.

ಈಗಿನವರು ಅಂಥ ಆಟಗಾರನನ್ನು ಶೂಟಿಂಗ್ ಗಾರ್ಡ್ ಎನ್ನುತ್ತಾರೆ. ಆ ಹೆಸರು ನಮಗೆ ಗೊತ್ತಿರಲಿಲ್ಲ. ನಾವು ಅವನಿಗೆ ಇಟ್ಟ ಹೆಸರು 'ಮಣ್ಣಮುದ್ದಿ'. ಇಟ್ಟವನು ನಾನು.

ಮರುದಿನದಿಂದ ಮಾಸ್ತರರು ಆಟದ ರೀತಿಯನ್ನೇ ತಿರುಗಿಸಿದರು. ನಾನೂ ಇನ್ನೊಬ್ಬ ಫಾರ್ವರ್ಡ್‌ನೂ ರಿಂಗಿನ ಹತ್ತಿರ ಓಡಾಡಿ ಎದುರಾಳಿಗಳನ್ನು ನಮ್ಮ ಹಿಂದೆ ಎಳೆದುಕೊಳ್ಳಬೇಕು. ಮಲ್ಲೇಶಿ ಚೆಂಡು ಹಿಡಿದು ಹಿಂದಕ್ಕೆ ಕೊಡಬೇಕು. ಹಿಂದೆ, ಖಾಲಿ ಜಾಗದಲ್ಲಿ, ಹುಲಿಗೆಪ್ಪ ಕಾಲೂರಿ ನಿಂತಿರುತ್ತಾನೆ. ಹೀಗೆ ನಾವು ಆ ಹಂಗಾಮಿನಲ್ಲಿ ಒಂದಾದ ಮೇಲೊಂದು ಪಂದ್ಯ ಗೆದ್ದೆವು. ಗೆದ್ದೆವು ಎಂದು ಬರೆಯಲು ಈಗಲೂ ಕೈ ತಡೆಯುತ್ತದೆ. ನನಗೆ ಅವು ಗೆಲುವಾಗಿ ಕಾಣುತ್ತಿರಲಿಲ್ಲ. ನೋಡಲು ಬಂದವರು ನನ್ನ ಹೆಸರು ಕೂಗುವುದನ್ನು ಬಿಟ್ಟರು.

ಪರ ಊರಿನ ಮಂದಿ ಅವನ ಮೇಲೆ ಬಿದ್ದು ಬರುತ್ತಿದ್ದರು. ಒಂದು ಊರಿನಲ್ಲಿ ಗೆರೆಯ ಮೇಲೆಯೇ ನಿಂತು ಕೂಗಿದರು— "ಲೇ ಮಣ್ಣಮುದ್ದಿ! ಇಲ್ಲಿ ಗ್ವಾಡಿ ಇಲ್ಲಲೇ, ಮನಿಗ್ ಹೋಗು!" ನಾನಿಟ್ಟ ಹೆಸರು ನನಗಿಂತ ಮೊದಲೇ ಆ ಊರು ಮುಟ್ಟಿತ್ತು. ಹುಲಿಗೆಪ್ಪ ತಲೆ ತಗ್ಗಿಸುವವನಲ್ಲ. ಚೆಂಡನ್ನು ಸೊಂಟಕ್ಕಾನಿಸಿಕೊಂಡು ಅವರ ಕಡೆ ತಿರುಗಿ ಹೇಳಿದ:

"ಬಾಯಿ ಹಂಗಽ ತೆರಕೊಂಡಿರ್ರಿ. ಅದೂ ರಿಂಗಿನಷ್ಟ ಅಗಲ ಅದ. ಇದಾದ ಮ್ಯಾಲ ಒಂದು ಅದ್ರಾಗೂ ಹಾಕ್ತೀನಿ."

ಹಾಕಿದ— ರಿಂಗಿಗೆ. ಮಂದಿ ಕಲ್ಲು ತೂರಿದರು. ನಾವು ಬಸ್ಸಿನ ಸೀಟಿನ ಕೆಳಗೆ ತಲೆಯಿಟ್ಟುಕೊಂಡು ರಾಯಚೂರಿಗೆ ಬಂದೆವು. ಮಲ್ಲೇಶಿಯ ಕಿವಿಯ ಹಿಂದೆ ಕಲ್ಲು ತಗುಲಿ ರಕ್ತ ಬಂದಿತ್ತು. ಹುಲಿಗೆಪ್ಪ ತನ್ನ ಬನಿಯನ್ನನ್ನು ಅಲ್ಲಿಗೆ ಒತ್ತಿಹಿಡಿದು ದಾರಿಯುದ್ದಕ್ಕೂ ಕುಳಿತಿದ್ದ. ಕೈ ಬದಲಾಯಿಸಲಿಲ್ಲ.

ಒಂದು ಸಂಜೆ ಖಾದರ್ ಮಾಸ್ತರರು ಚಹಾ ಕುಡಿಯುತ್ತ, ಕ್ಯಾಪ್ಟನ್ ಎಂದು ನಂಬಿ, ನನ್ನ ಹತ್ತಿರ ಅವನ ಲೆಕ್ಕ ಒಪ್ಪಿಸಿದರು.

"ನೋಡು ಬೇಟಾ ಶ್ರೀನಿವಾಸ, ಅವನಾಗ ಖೋಟ್ ಭಾಳ ಅದಾವು. ನಿಂತ ಜಾಗದಾಗಷ್ಟ ಒಗೀತಾನ, ಓಡ್ತಾ ಒಗ್ಯಾಕ ಬರಂಗಿಲ್ಲ. ಎಡಕ್ಕ ತಿರುಗಾಕ ಬರಂಗಿಲ್ಲ. ಸಿಟ್ಟು ಬಂದ್ರ ಯಾರಿಗೂ ಚೆಂಡು ಕೊಡಂಗಿಲ್ಲ. ಆದ್ರ ಈಗ ನಾವು ನೋಡಾಕತ್ತಿರೋದು ನಾಕಾಣಿ ಆಟ. ಇನ್ನ ಹನ್ನೆರಡಾಣಿ ಒಳಗಽ ಅದ. ಎರಡು ವರ್ಷ ನನ್ನ ಕೈಯಾಗ ಇರ್ಲಿ, ಸಂಸ್ಥಾನದಾಗ ಇವನ ಮುಂದ ನಿಲ್ಲೋರು ಯಾರದಾರ?"

ಹೈದರಾಬಾದಿನಲ್ಲಿ ಸಂಸ್ಥಾನದ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಆಯ್ಕೆಯಾದ ಹುಡುಗನಿಗೆ ಡ್ರಿಲ್ ಮಾಸ್ತರ ತರಬೇತಿಯಲ್ಲಿ ಖರ್ಚಿಲ್ಲದ ಜಾಗ, ಆಮೇಲೆ ಸರ್ಕಾರಿ ಶಾಲೆಯಲ್ಲಿ ಕೆಲಸ. ನಮ್ಮ ಶಾಲೆಯಿಂದ ಒಬ್ಬನ ಹೆಸರು ಹೋಗುತ್ತದೆ. ಹಿಂದಿನ ವರ್ಷವೇ ಅದು ನನ್ನ ಹೆಸರೆಂದು ಎಲ್ಲರೂ ಒಪ್ಪಿದ್ದರು; ಈಗ ಮಾಸ್ತರರ ಮನಸ್ಸಿನಲ್ಲಿದ್ದದ್ದು ಹುಲಿಗೆಪ್ಪನ ಹೆಸರು. ನನಗೆ ಆ ಕೆಲಸ ಬೇಕಿರಲಿಲ್ಲ, ನಾನು ವಕೀಲನಾಗುವವನು. ನನಗೆ ಬೇಕಾದದ್ದು ಹೆಸರು ಓದುವಾಗ ಎದ್ದು ನಿಲ್ಲುವುದು, ಅಷ್ಟೆ. ಹುಲಿಗೆಪ್ಪನಿಗೆ ಬೇಕಾದದ್ದು— ಅವನ ಅಪ್ಪನ ಬೆನ್ನು ಆಗಲೇ ಬಾಗಿತ್ತು— ಇನ್ನೊಬ್ಬರ ಗೋಡೆಯ ಕೆಳಗಿನಿಂದ ಹೊರಬರುವ ಒಂದೇ ದಾರಿ. ಎರಡರ ತೂಕ ನನಗೆ ಆಗಲೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಇದನ್ನು ಬರೆಯುವುದೇ ವ್ಯರ್ಥ.

ಈಗ ಗೋಡೆಯ ವಿಷಯ.

ಮಾನ್ವಿಯಲ್ಲಿ ನನ್ನ ಚಿಕ್ಕಪ್ಪ ಮನೆಯ ಹಿತ್ತಲಿಗೆ ದೊಡ್ಡ ಗೋಡೆ ಎಬ್ಬಿಸಬೇಕೆಂದಿದ್ದರು. ಹುಲಿಗೆಪ್ಪನ ಅಪ್ಪನಿಗೆ ಆ ಕೆಲಸ ಕೊಡಿಸಿದವನು ನಾನೇ. ಹುಲಿಗೆಪ್ಪ ಕೇಳಿದ್ದ. ಮೈದಾನದಲ್ಲಿ ನನ್ನನ್ನು 'ಶೀನ್ಯಾ, ಕೊಡು' ಎಂದು ಕೂಗುವವನು, ಹೊರಗೆ ಬಂದರೆ 'ರೀ' ಹಚ್ಚಿ ಮಾತಾಡುತ್ತಿದ್ದ. ಅವನು ಬೇಡುವುದನ್ನು ನೋಡಿ ನನಗೆ ಸಂತೋಷವಾಯಿತು, ಆ ಸಂತೋಷಕ್ಕೇ ಕೊಡಿಸಿದೆ. ಮಣ್ಣು ಒಗೆಯಲು ಆಳು ಸಾಲದೆಂದು ತಿಮ್ಮಪ್ಪ ಮಗನಿಗೆ ಹೇಳಿ ಕಳಿಸಿದಾಗ ದಿನ ಗೊತ್ತುಮಾಡಿದವನೂ ನಾನೇ.

"ಶುಕ್ರವಾರ ಹೋಗು. ಹೆಂಗೂ ಸಾಲಿ ಸೂಟಿ ಇರ್ತದ. ಯಾರು ಕೇಳ್ತಾರ?"

ಇದು ಈಗಿನವರಿಗೆ ತಿಳಿಯದ ಮಾತು. ನಿಜಾಮರ ರಾಜ್ಯದಲ್ಲಿ ಶಾಲೆಗೆ ವಾರದ ರಜೆ ಶುಕ್ರವಾರ. ಭಾನುವಾರ ಎಂದಿನಂತೆ ಪಾಠ, ಎಂದಿನಂತೆ ಹಾಜರಿ. ಹುಲಿಗೆಪ್ಪ ಮಾನ್ವಿಯಲ್ಲಿ ಅಪ್ಪನ ಜೊತೆ ದುಡಿದದ್ದು ಎರಡು ದಿನ. ಎರಡೂ ಶುಕ್ರವಾರ. ಎರಡೂ ದಿನ ನಾನು ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಒಂದು ದಿನವೂ ಅವನು ಹಾಜರಿ ತಪ್ಪಿಸಿರಲಿಲ್ಲ.

ಮೊದಲ ಶುಕ್ರವಾರ ದೂರ ನಿಂತು ನೋಡಿದೆ. ತಿಮ್ಮಪ್ಪ ಗೋಡೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದ. ಮಗ ಕೆಳಗೆ, ತುಳಿದು ಹದಮಾಡಿದ ಕೆಸರಿನ ಗುಡ್ಡೆಯ ಪಕ್ಕ. ಬಗ್ಗಿ ಎರಡೂ ಕೈಯಲ್ಲಿ ಮುದ್ದೆ ಎತ್ತಿ, ಮೊಣಕಾಲಿನಿಂದ ಮೇಲಕ್ಕೆ ಒಗೆಯುವುದು. ಮುದ್ದೆ ಅಪ್ಪನ ಕೈಯ ಎತ್ತರಕ್ಕೆ ಹೋಗಿ, ಅಲ್ಲಿ ವೇಗ ಕಳೆದುಕೊಂಡು, ಒಂದು ಗಳಿಗೆ ನಿಲ್ಲುತ್ತಿತ್ತು. ಅಪ್ಪ ಅದನ್ನು ಹಿಡಿಯುತ್ತಿರಲಿಲ್ಲ, ಎತ್ತಿಕೊಳ್ಳುತ್ತಿದ್ದ. ಜೋರಾಗಿ ಬಂದರೆ ಹಿಡಿಯುವವನ ಹಿಡಿತ ತಪ್ಪಿ ಹಸಿ ಗೋಡೆ ಅದುರುತ್ತದೆ. ಗೋಡೆ ದಿನಕ್ಕೊಂದು ಮೊಳ ಏರುತ್ತದೆ, ಒಗೆಯುವವನ ಕೈ ದಿನವೂ ಹೊಸ ಎತ್ತರ ಕಲಿಯಬೇಕು. ಚಿಕ್ಕಂದಿನಿಂದ ಅವನು ಇದನ್ನೇ ಕಲಿತಿದ್ದ. ಮೈದಾನದಲ್ಲಿ ನಾನು ಅಷ್ಟು ದಿನ 'ಅದೃಷ್ಟ' ಎನ್ನುತ್ತಿದ್ದದ್ದು ಅದೃಷ್ಟವಾಗಿರಲಿಲ್ಲ. ಅಂದೇ ಅದು ನನಗೆ ಪೂರ್ತಿ ಅರ್ಥವಾಯಿತು. ಅರ್ಥವಾದದ್ದರಿಂದ ದ್ವೇಷ ಕಡಿಮೆಯಾಗುತ್ತದೆ ಎನ್ನುವವರಿದ್ದಾರೆ. ನನಗೆ ಹೆಚ್ಚಾಯಿತು.

ಎರಡನೆಯ ಶುಕ್ರವಾರ ಹತ್ತಿರ ಹೋದೆ. ತಿಮ್ಮಪ್ಪ ಗೋಡೆಯ ಮೇಲಿಂದಲೇ ಕೈಮುಗಿದ.

"ಬರ್ರಿ ಸಣ್ಣ ಧಣೇರ, ಬರ್ರಿ. ನಿಮ್ಮಿಂದ ಎರಡು ತಿಂಗಳ ಕೂಳು ಆತು ನೋಡ್ರಿ."

ಹುಲಿಗೆಪ್ಪ ಕೆಸರಿನ ಕೈ ಹಾಗೆಯೇ ಹಿಡಿದು ನನ್ನನ್ನು ನೋಡಿದ. ಆಟದಲ್ಲಿ ನೋಡುವ ಹಾಗೆ.

"ಏನ್ ಕ್ಯಾಪ್ಟನ್ರ, ಒಂದು ಒಗೀತೀರೇನು? ನಮ್ಮಪ್ಪ ಹಿಡೀತಾನ."

ಚಿಕ್ಕಪ್ಪನ ಆಳುಗಳು ನಿಂತು ನೋಡುತ್ತಿದ್ದರು. ನಾನು ಬಿಳಿ ಧೋತರದ ಚುಂಗು ಎತ್ತಿ ಕಟ್ಟಿ, ಮುದ್ದೆ ತೆಗೆದುಕೊಂಡು, ರಿಂಗಿಗೆ ಹಾಕುವ ಹಾಗೆ ಎದೆಯಿಂದ ಒಗೆದೆ. ಅದು ತಿಮ್ಮಪ್ಪನ ಮುಖಕ್ಕೆ ಹೋಗಿ ಬಡಿಯಿತು. ಮುದುಕ ಹಿಂದಕ್ಕೆ ವಾಲಿ, ಗೋಡೆಯನ್ನು ತಬ್ಬಿ ಹಿಡಿದು ಉಳಿದುಕೊಂಡ. ಆಳುಗಳು ನಕ್ಕರು. ನನ್ನನ್ನು ನೋಡಿ ನಕ್ಕರು. ತಿಮ್ಮಪ್ಪ ಕಣ್ಣಿನ ಕೆಸರು ಒರೆಸಿಕೊಳ್ಳುತ್ತ ಮಗನನ್ನೇ ಬೈದ— "ಧಣೇರ ಕೈಯಾಗ ಮಣ್ಣ ಕೊಡ್ತೀಯಾ ಮಂಗ್ಯಾ? ತಪ್ಪಾತ್ರೀ, ತಪ್ಪಾತು." ಹುಲಿಗೆಪ್ಪ ನಗಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ:

"ನೀವು ಜೋರ್ ಒಗೀತೀರಿ. ಹಿಡಿಯೋನ ಕಡಿ ನೋಡಂಗಿಲ್ಲ. ಆಟದಾಗೂ ಹಂಗಽ."

ಇಷ್ಟೇ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ನಾನು—

ವಾಕ್ಯ ಮುಗಿಸಲು ನೋಡಿದೆ. ಅದಕ್ಕೇ ಎಂಬುದೇನೂ ಇಲ್ಲ. ಹಾಗೆ ಬರೆದರೆ ಅದೊಂದು ಕಾರಣವಾಗುತ್ತದೆ, ಕಾರಣ ನೆಪವಾಗುತ್ತದೆ.

ಕೊನೆಯ ಪಂದ್ಯದಲ್ಲಿ ನಮ್ಮಿಂದ ಸೋತವರು ದೂರು ಕೊಟ್ಟರು. ಹುಲಿಗೆಪ್ಪ ವಿದ್ಯಾರ್ಥಿಯೇ ಅಲ್ಲ, ದಿನಗೂಲಿಯವನು, ಆಟಕ್ಕಾಗಿ ಅವನ ಹೆಸರು ಹಚ್ಚಿ ಸುಳ್ಳು ಹಾಜರಿ ಹಾಕುತ್ತಾರೆ, ಮಾನ್ವಿಯಲ್ಲಿ ಇಂಥವರ ಗೋಡೆಗೆ ಮಣ್ಣು ಒಗೆದದ್ದನ್ನು ಮಂದಿ ನೋಡಿದ್ದಾರೆ ಎಂದು ದೂರು. ಪಂದ್ಯಾವಳಿಯ ಮಂಡಳಿಯವರು ವಿಚಾರಣೆಗೆ ಒಬ್ಬ ಸಾಹೇಬರನ್ನು ಕಳಿಸಿದರು. ಮದ್ರಾಸಿನ ಕಡೆಯಿಂದ ಹೊಸದಾಗಿ ಬಂದವರು, ರಾಯಚೂರಿನಲ್ಲಿ ಇಳಿದದ್ದು ಹಿಂದಿನ ದಿನ. ಗೋಡೆ ನನ್ನ ಚಿಕ್ಕಪ್ಪನದಾದ್ದರಿಂದ ಸಾಕ್ಷಿಗೆ ನನ್ನನ್ನು ಕರೆದರು. ಕೋಣೆಯಲ್ಲಿ ನಾನು, ಅವರು, ಬರೆದುಕೊಳ್ಳುವ ಒಬ್ಬ ಗುಮಾಸ್ತ. ಹೆಡ್‌ಮಾಸ್ತರರನ್ನೂ ಖಾದರ್ ಮಾಸ್ತರರನ್ನೂ ಹೊರಗೆ ಕೂರಿಸಿದ್ದರು, ಸಾಕ್ಷಿ ಹೆದರಬಾರದೆಂದು.

ಸಾಹೇಬರು ಒಳ್ಳೆಯವರು. ಮೆಲ್ಲಗೆ ಕೇಳಿದರು. ಮಾತು ಇಂಗ್ಲಿಷಿನಲ್ಲಿ ನಡೆಯಿತು.

ಆ ಹುಡುಗ ಗೋಡೆ ಕೆಲಸ ಮಾಡುವುದನ್ನು ನೀನು ಕಣ್ಣಾರೆ ನೋಡಿದ್ದೀಯಾ?

ನೋಡಿದ್ದೇನೆ.

ಎಷ್ಟು ದಿನ?

ಎರಡು ದಿನ.

ಅವರು ಪೆನ್ನನ್ನು ಕೆಳಗಿಟ್ಟರು. ಹುಡುಗನ ಪರವಾಗಿ ಏನಾದರೂ ಸಿಗಲಿ ಎಂಬಂತೆ ಕೇಳಿದರು:

ಅದು ಭಾನುವಾರವಾಗಿತ್ತೇ?

ಆ ಕ್ಷಣವನ್ನು ನಾನು ಬಹಳ ಸಲ ಬಿಚ್ಚಿ ನೋಡಿದ್ದೇನೆ. ಗಾಬರಿಯಿತ್ತೇ? ಇರಲಿಲ್ಲ. ಪ್ರಶ್ನೆ ಅರ್ಥವಾಗಲಿಲ್ಲವೇ? ಚೆನ್ನಾಗಿ ಅರ್ಥವಾಯಿತು. ಅವರ ಊರಿನಲ್ಲಿ ರಜೆಯೆಂದರೆ ಭಾನುವಾರ, ಇಲ್ಲಿಯೂ ಹಾಗೆಯೇ ಎಂದುಕೊಂಡು ಕೇಳುತ್ತಿದ್ದಾರೆ, ಭಾನುವಾರ ಅಲ್ಲವೆಂದರೆ ಶಾಲೆಯ ದಿನವೆಂದು ಬರೆದುಕೊಳ್ಳುತ್ತಾರೆ. ಇಷ್ಟೂ ನನ್ನ ತಲೆಯಲ್ಲಿ ಒಂದರ ಪಕ್ಕ ಒಂದು ಸಾಲಾಗಿ ನಿಂತಿತ್ತು. ಶುಕ್ರವಾರ ಎಂಬ ಒಂದು ಮಾತು ನಾಲಿಗೆಯ ಮೇಲಿತ್ತು. ಅದರ ರುಚಿ ಗೊತ್ತಾಗುವಷ್ಟು ಹೊತ್ತು ಇತ್ತು.

ಅಲ್ಲ ಸರ್, ಎಂದೆ.

ಗುಮಾಸ್ತ ಬರೆದುಕೊಂಡ. ಸಹಿ ಮಾಡಿದೆ. ಹೊರಗೆ ಬೇವಿನ ಕೆಳಗೆ ಹುಲಿಗೆಪ್ಪ ನಿಂತಿದ್ದ. ಯಾರದೋ ಕೋಟು ತೊಟ್ಟಿದ್ದ, ತೋಳು ಗಿಡ್ಡವಾಗಿ ಮಣಿಕಟ್ಟು ಕಾಣುತ್ತಿತ್ತು. ನನ್ನನ್ನು ನೋಡಿ ತಲೆಯಾಡಿಸಿದ. ನಾನು ಅವನ ಪರ ಹೇಳಿ ಬಂದೆನೆಂದು ತಿಳಿದಿದ್ದ. ಒಳಗೆ ಅವನನ್ನು ಕರೆಯಲೇ ಇಲ್ಲ.

ಎಂಟು ದಿನಕ್ಕೆ ಕಾಗದ ಬಂತು. ಹೆಡ್‌ಮಾಸ್ತರರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಓದಿದರು. ಹುಲಿಗೆಪ್ಪ ನಿಜವಾದ ವಿದ್ಯಾರ್ಥಿಯಲ್ಲ. ಇದು ಅವನ ತಂಡದ ಕ್ಯಾಪ್ಟನ್ನನ ಸಾಕ್ಷಿಯಿಂದಲೇ ಸಾಬೀತಾಗಿದೆ. ಅವನು ಆಡಿದ ಎಲ್ಲ ಪಂದ್ಯಗಳೂ ರದ್ದು. ಹೈದರಾಬಾದಿಗೆ ಅವನ ಹೆಸರು ಹೋಗತಕ್ಕದ್ದಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದಿದ್ದರೆ— ಆಗಲೂ ಹೊತ್ತಿತ್ತು. ಮಲ್ಲೇಶಿ ಕೇಳಿದ, "ಶೀನ್ಯಾ, ಖರೇ ಏನಲೇ? ಸಾಲಿ ಬಿಟ್ಟು ದುಡ್ಯಾಕ ಹೋಗಿದ್ನೇನು?" ನಾನು ನೆಲ ನೋಡಿದೆ. ನೆಲ ನೋಡುವುದು ಎಂಥ ಉತ್ತರ ಎಂಬುದು ವಕೀಲರ ಮಗನಿಗೆ ಗೊತ್ತು.

ಮಲ್ಲೇಶಿ ಸಾಲು ಬಿಟ್ಟು ಹೋಗಿ, ಎಲ್ಲರ ಎದುರು ಹುಲಿಗೆಪ್ಪನ ಕೆನ್ನೆಗೆ ಹೊಡೆದ.

"ನಮ್ಮೆಲ್ಲಾರ ಆಟ ತಿಂದ್ಯಲ್ಲೋ! ನಿನ್ನ ತಾಟಿನಾಗ ಉಂಡೀನಲ್ಲೋ ನಾನು!"

ಹುಲಿಗೆಪ್ಪ ಕೈ ಎತ್ತಲಿಲ್ಲ. ಮಲ್ಲೇಶಿಯನ್ನೇ ನೋಡಿದ. ಆಮೇಲೆ ನಿಧಾನವಾಗಿ ನನ್ನ ಹತ್ತಿರ ಬಂದ. ಮೈದಾನದಲ್ಲಿರಲಿಲ್ಲ ನಾವು, ಶಾಲೆಯ ಕಟ್ಟೆಯ ಮುಂದೆ ಇದ್ದೆವು. ಆದರೂ 'ರೀ' ಹಚ್ಚಲಿಲ್ಲ.

"ಏನ್ ಹೇಳ್ದಿ?"

"ಕೇಳಿದ್ದಕ್ಕ ಖರೇ ಹೇಳೀನಿ."

"ಶುಕ್ರವಾರ ಅಂತ ಹೇಳ್ದಿಲ್ಲೋ?"

"ಅವ್ರು ಕೇಳಲಿಲ್ಲ."

ಮೆಲ್ಲಗೆ ನಡೆದ ಮಾತು, ಬೇರೆ ಯಾರಿಗೂ ಕೇಳಿಸಲಿಲ್ಲ. ಉಗುಳುತ್ತಾನೆಂದುಕೊಂಡೆ. ಉಗುಳಲಿಲ್ಲ.

ಈಗ ನಾನು ಮೊದಲ ಸಾಲನ್ನು ತಿದ್ದಬೇಕು. ಅಳಿಸುವುದಿಲ್ಲ, ಹಾಗೆಯೇ ಇರಲಿ, ಇಷ್ಟು ವರ್ಷ ನಾನು ಹೇಗೆ ಬದುಕಿದೆ ಎಂಬುದು ಕಾಣಲಿ. ನಾನು ಸುಳ್ಳು ಹೇಳಿದೆ. ಸಾಹೇಬರಿಗಲ್ಲ, ಖಾದರ್ ಮಾಸ್ತರರಿಗೆ.

ಮರುದಿನ ಮಾಸ್ತರರು ನಮ್ಮ ಮನೆಗೆ ಬಂದರು. ಪಡಸಾಲೆಯಲ್ಲಿ ಕೂರಲಿಲ್ಲ, ಬಾಗಿಲಲ್ಲೇ ನಿಂತರು. ಕೈಯಲ್ಲಿ ಒಂದು ಬಿಳಿ ಹಾಳೆ. ಹುಲಿಗೆಪ್ಪ ಅವರಿಗೆ ಎಲ್ಲ ಹೇಳಿದ್ದ. ಅವನ ಮಾತು, ಅವನ ಅಪ್ಪನ ಮಾತು ಮಂಡಳಿಯ ಮುಂದೆ ನಡೆಯುವುದಿಲ್ಲ. ಹಾಜರಿ ಪುಸ್ತಕವೇ ಸುಳ್ಳೆಂದು ದೂರು ಇರುವಾಗ ಪುಸ್ತಕವೂ ನಡೆಯುವುದಿಲ್ಲ. ಚಿಕ್ಕಪ್ಪ ಕೂಲಿಯವನ ಪರ ಸಾಕ್ಷಿ ಹೇಳುವವರಲ್ಲ. ಉಳಿದವನು ನೋಡಿದವನೊಬ್ಬನೇ.

"ಒಂದಽ ಸಾಲು ಬರಿ ಬೇಟಾ. ಎರಡೂ ದಿನ ಜುಮ್ಮಾ ಇತ್ತು, ಸಾಲಿಗೆ ಛುಟ್ಟಿ ಇತ್ತು, ಅಂತ. ಇವತ್ತಿನ ಗಾಡಿಗೆ ನಾನಽ ಹೋಗಿ ಕೊಟ್ಟು ಬರ್ತೀನಿ. ಹೆಸರು ಕಳಸಾಕ ಇನ್ನ ನಾಕು ದಿನ ಟೈಮ್ ಅದ."

"ಯಾವ ವಾರ ಇತ್ತೋ ನೆನಪಿಲ್ಲ ಸರ್," ಎಂದೆ.

ಅವರು ನನ್ನ ಮುಖ ನೋಡಿದರು. ಇನ್ನೊಮ್ಮೆ ಕೇಳಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು, "ಅಚ್ಛಾ," ಎಂದು ಮೆಟ್ಟಿಲಿಳಿದರು. ಅವರು ನಂಬಲಿಲ್ಲ. ನಂಬದಿದ್ದರೂ ಮಾಡುವುದೇನೂ ಇರಲಿಲ್ಲ. ಹೈದರಾಬಾದಿಗೆ ಆ ವರ್ಷ ನಮ್ಮ ಶಾಲೆಯಿಂದ ಯಾರ ಹೆಸರನ್ನೂ ಅವರು ಕಳಿಸಲಿಲ್ಲ. ನನ್ನದನ್ನೂ.

ಹುಲಿಗೆಪ್ಪ ಮಲ್ಲೇಶಿಗೆ ಏನನ್ನೂ ಹೇಳದೆ ಆ ವಾರವೇ ಹಾಸ್ಟೆಲು ಬಿಟ್ಟ. ಮುಂದಿನ ವರ್ಷ ರಜಾಕಾರರ ಗಲಾಟೆ, ಶಾಲೆ ಮುಚ್ಚಿತು, ಊರಿನ ಅರ್ಧ ಜನ ಗಡಿ ದಾಟಿದರು. ಆ ದೊಡ್ಡ ಗದ್ದಲದಲ್ಲಿ ಒಬ್ಬ ಹುಡುಗನ ಆಟ ಯಾರಿಗೆ ನೆನಪಿರುತ್ತದೆ? ನಾನು ಆ ಗದ್ದಲಕ್ಕೆ ಒಳಗೊಳಗೇ ಕೃತಜ್ಞನಾಗಿದ್ದೆ. ಇದನ್ನೂ ಬರೆಯಬೇಕಾದ್ದೇ.

ಖಾದರ್ ಮಾಸ್ತರರು ಹೇಳಿದ ಹನ್ನೆರಡಾಣೆ ಆಟ ಹೇಗಿರುತ್ತಿತ್ತೋ ಯಾರೂ ನೋಡಲಿಲ್ಲ. ಓಡುತ್ತ ಒಗೆಯುವುದನ್ನು ಕಲಿಯುತ್ತಿದ್ದನೋ, ಎಡಕ್ಕೆ ತಿರುಗುತ್ತಿದ್ದನೋ, ಎರಡು ವರ್ಷದಲ್ಲಿ ಸೋತು ಮರೆಯಾಗುತ್ತಿದ್ದನೋ. ಸೋಲುವ ಹಕ್ಕೂ ಅವನದಾಗಿತ್ತು. ಆಟದ ಮೇಲೆ ಬಂದ ಬರಹಗಳನ್ನು ನಾನು ಇಂದಿಗೂ ಓದುತ್ತೇನೆ. ಯಾವುದೋ ಹೊಸ ಹುಡುಗ ದೂರದಿಂದ ಹಾಕುತ್ತಾನೆ, ಮುಂದೆ ದೊಡ್ಡವನಾಗುತ್ತಾನೆ ಎಂದು ಬರೆದಿರುತ್ತಾರೆ. 'ಮುಂದೆ' ಎಂಬ ಮಾತಿನಾಚೆ ನನಗೆ ಓದಲಾಗುವುದಿಲ್ಲ.

ಮೂವತ್ತು ವರ್ಷ ಕಳೆದ ಮೇಲೆ ಒಂದು ಕೇಸಿನ ಕೆಲಸಕ್ಕೆ ದೇವದುರ್ಗಕ್ಕೆ ಹೋಗಿದ್ದೆ. ಕೋರ್ಟಿನ ಮುಂದೆ ಅವನೇ ಸಿಕ್ಕ. ಕೂದಲು ಬೆಳ್ಳಗಾಗಿತ್ತು, ಹೆಗಲು ಮಾತ್ರ ಹಾಗೆಯೇ. ಜೊತೆಗಿದ್ದ ಕಕ್ಷಿದಾರ ನನ್ನ ಕಿವಿಯಲ್ಲಿ ಹೇಳಿದ— "ಅಂವಾ ಹಾಜ್ರಿ ಹುಲಿಗ್ಯಾರಿ. ಸುಳ್ಳ ಹಾಜ್ರಿ ಹಾಕ್ಸಿ ಸಿಕ್ಕೊಂಡಿದ್ನಂತ, ಸಣ್ಣಾಂವಿದ್ದಾಗ." ಮೂವತ್ತು ವರ್ಷವಾದರೂ ಊರು ಆ ಹೆಸರನ್ನು ಬಿಟ್ಟಿರಲಿಲ್ಲ.

ನಾನು ಅವನನ್ನು ಪಕ್ಕಕ್ಕೆ ಕರೆದೆ. ತಪ್ಪಾಯಿತು, ಶುಕ್ರವಾರವೆಂದು ಬೇಕೆಂದೇ ಹೇಳಲಿಲ್ಲ, ಎಂದೆ. ಮೊದಲ ಬಾರಿ ಬಾಯಿಬಿಟ್ಟು ಹೇಳಿದ್ದೆ.

"ನನಗ್ಯಾಕ ಹೇಳಾಕತ್ತೀರಿ ವಕೀಲ್ರ? ನನಗ ಅವತ್ತಽ ಗೊತ್ತಿತ್ತಲ್ಲ."

"ಏನ್ ಮಾಡ್ಲಿ ಹೇಳು. ಏನ್ ಬೇಕಾದ್ರೂ ಮಾಡ್ತೀನಿ."

ಅವನು ನಕ್ಕ. ಒಳ್ಳೆಯ ನಗುವಲ್ಲ.

"ಊರ ಮಂದಿ ಏನರ ಅನ್ಲಿ, ಅವ್ರದು ಏನ್ ಹೋಗ್ತದ. ಮಲ್ಲೇಶಿಗೆ ಹೋಗಿ ಹೇಳ್ರಿ. ಅಂವಾ ನನ್ನ ತಾಟಿನಾಗ ಉಂಡಾಂವ. ಅಂವಾ ನಂಬಿ ಹೊಡ್ದ. ಅದೊಂದು ಹೇಳಿ ಬರ್ರಿ, ಆಮ್ಯಾಲ ನನ್ನ ಮುಂದ ನಿಂತು ಮಾತಾಡ್ರಿ."

ಹೋಗುತ್ತೇನೆಂದು ಮಾತು ಕೊಟ್ಟೆ. ರಾಯಚೂರಿನಿಂದ ಮಾನ್ವಿ ಎಷ್ಟು ದೂರ? ಬೆಳಗಿನ ಬಸ್ಸು ಹತ್ತಿದರೆ ಊಟಕ್ಕೆ ಮನೆಗೆ ವಾಪಸು ಬರಬಹುದು. ನಾನು ಹೋಗಲಿಲ್ಲ. ಕೇಸುಗಳಿದ್ದವು, ಮಕ್ಕಳ ಮದುವೆಗಳಿದ್ದವು— ಇಲ್ಲ. ಹೆದರಿದ್ದೆ, ಅಷ್ಟೆ. ಮಲ್ಲೇಶಿ ನನ್ನನ್ನು ದೊಡ್ಡ ಮನುಷ್ಯನೆಂದು ತಿಳಿದವನು. ಪ್ರತಿ ವರ್ಷ ಮಾನ್ವಿಯಿಂದ ಅಕ್ಕಿ ಕಳಿಸುವಾಗ 'ನಮ್ಮ ಕ್ಯಾಪ್ಟನ್ನರಿಗೆ' ಎಂದು ಹೇಳಿ ಕಳಿಸುವವನು. ಆ ಅಕ್ಕಿಯ ಅನ್ನವನ್ನು ನಾನು ಉಂಡಿದ್ದೇನೆ.

ಕಳೆದ ತಿಂಗಳು ಮಲ್ಲೇಶಿಯ ಮಗ ಬಂದಿದ್ದ. ಅಪ್ಪನಿಗೆ ಎರಡೂ ಕಿವಿ ಪೂರ್ತಿ ಹೋಗಿವೆ, ಹತ್ತಿರ ಬಂದು ಕೂಗಿದರೂ ಕೇಳುವುದಿಲ್ಲ, ಕಣ್ಣು ಮಾತ್ರ ಚೆನ್ನಾಗಿವೆ, ದಿನವೂ ಪೇಪರು ಓದುತ್ತಾರೆ ಎಂದ. ಅವನು ಹೋದ ಮೇಲೆ ಬರೆಯಲು ಕುಳಿತೆ. ಒಂದು ಪ್ರತಿ ಅಚ್ಚಿಗೆ. ಕೈಬರಹದ ಇನ್ನೊಂದು ಪ್ರತಿಯನ್ನು ತೆಗೆದುಕೊಂಡು ನಾಳೆ ಬೆಳಗಿನ ಬಸ್ಸಿಗೆ ಮಾನ್ವಿಗೆ ಹೋಗುತ್ತೇನೆ. ಮಲ್ಲೇಶಿ ಓದಿ ಮುಗಿಸುವವರೆಗೆ ಎದುರಿಗೇ ಕುಳಿತಿರುತ್ತೇನೆ.

ಕೈಬರಹದ ಪ್ರತಿಯ ಕೊನೆಗೆ ಅವನಿಗಾಗಿ ನಾಲ್ಕು ಸಾಲು ಸೇರಿಸಿದ್ದೇನೆ. ಅವನ್ನು ಇಲ್ಲಿಯೂ ಬರೆಯುತ್ತೇನೆ:

ಮಲ್ಲೇಶಿ, ಹುಲಿಗೆಪ್ಪ ಇನ್ನೂ ಇದ್ದಾನೆ. ವಿಚಾರಿಸಿಕೊಂಡು ಬರೆಯುತ್ತಿದ್ದೇನೆ. ದೇವದುರ್ಗದಲ್ಲಿ ಬಸ್ಸಿಳಿದು, ಕೋಟೆಯ ಕಡೆ ಹೋಗದೆ, ಸಂತೆಯ ಬಯಲು ದಾಟಿದರೆ ಕಲ್ಲಿನ ಬಾವಿ ಬರುತ್ತದೆ. ಅದರ ಆಚೆ ಎರಡನೆಯ ಮನೆ. ಮಧ್ಯಾಹ್ನ ಮನೆಯಲ್ಲೇ ಇರುತ್ತಾನಂತೆ. ನಾನು ಜೊತೆಗೆ ಬರುವುದಿಲ್ಲ.